ಸಿದ್ದಣ್ಣನ ಕೈಗೆ ಕೊಟ್ಟ ಹಗ್ಗ

ಅಂತರಸಂತೆ ಹತ್ತಿರ ಕಬಿನಿ ಹಿನ್ನೀರಲ್ಲಿ ಒಂದು ಲಾಂಚ್ ಮುಳುಗಿತ್ತು. ನಾನು ಆಳಕ್ಕಿಳಿದು ಅದರ ಇಂಜಿನ್ನಿಗೆ ಸರಪಳಿ ಬಿಗಿದು ಬರಬೇಕಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ತೆಪ್ಪದಲ್ಲಿದ್ದ ಸಿದ್ದಣ್ಣನಿಗೆ ಕೊಟ್ಟೆ. ಹಗ್ಗ ಕಟ್ಟಿದ ಈಟಿಯಲ್ಲಿ ದೊಡ್ಡ ದೊಡ್ಡ ಮೀನು ಹೊಡೆಯುವ ಆಸಾಮಿ. ಇವನಿಗಿಂತ ಗಟ್ಟಿ ಕೈ ಎಲ್ಲಿ ಸಿಗಬೇಕು?

"ನಾನು ಜಗ್ಗಿದ್ರೆ ಮೇಲಕ್ಕೆ ಎಳೀಬೇಕು ಸಿದ್ದಣ್ಣ."

"ಆಯ್ತು ಬುಡಿ ಸಾ."

ತಳದಲ್ಲಿ ಬರೀ ರಾಡಿ. ಮುಖದ ಮುಂದೆ ಹಿಡಿದ ಕೈಯೂ ಕಾಣದು. ತಡವುತ್ತಾ ಲಾಂಚಿನೊಳಗೆ ಹೋದೆ. ಯಾವುದೋ ಹಳೇ ಬಲೆ ಕಾಲಿಗೂ ಬೆನ್ನಿಗೆ ಕಟ್ಟಿದ್ದ ಗಾಳಿ ಸಿಲಿಂಡರಿಗೂ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಹೋದಷ್ಟೂ ಬಿಗಿಯಾಯಿತು. ಗಾಬರಿಗೆ ಉಸಿರು ಏರಿ, ಗಾಳಿ ಬೇಗಬೇಗ ಖಾಲಿಯಾಗುತ್ತಿತ್ತು. ಹಗ್ಗ ಜಗ್ಗಿದೆ. ಅದು ಸಡಿಲವಾಯಿತು! ಇದ್ದಬದ್ದ ಶಕ್ತಿಯೆಲ್ಲ ಹಾಕಿ ಮತ್ತೆ ಜಗ್ಗಿದೆ. ಮೇಲಿಂದ ಇನ್ನಷ್ಟು ಹಗ್ಗ ಇಳಿದು ಬಂತು.

ಚಾಕು ತೆಗೆದು ಬಲೆ ಕೊಯ್ದು ಮುಗಿಸುವಷ್ಟರಲ್ಲಿ ಕೈಕಾಲು ಸೋತು ಸುಮ್ಮನಾದೆ. ಆಗ ಹಗ್ಗ ಬಿಗಿಯಾಗಿ, ನನ್ನನ್ನು ನಿಧಾನಕ್ಕೆ ಮೇಲಕ್ಕೆಳೆಯಿತು.

"ಸಾಯ್ತಿದ್ದೆ ಕಣಯ್ಯ! ಜಗ್ಗಿದಾಗ ಯಾಕೆ ಎಳೀಲಿಲ್ಲ?" ಎಂದು ಕೂಗಿದೆ.

"ಒದ್ದಾಡುವಾಗ ಎಳುದ್ರೆ ಹಗ್ಗ ಕಿತ್ತೋಯ್ತದೆ ಸಾ," ಅಂದ ಸಿದ್ದಣ್ಣ. "ದೊಡ್ಡ ಮೀನಿಗೂ ಅಂಗೇ ಮಾಡೋದು. ಸುಸ್ತಾಗ್ಲಿ ಅಂತ ಸಡ್ಲ ಬುಟ್ಟೆ."

ಚೆನ್ನಾಗಿ ಬೈಯಬೇಕು ಅಂದುಕೊಂಡೆ. ಆದರೆ ಅವನ ಲೆಕ್ಕದಂತೆಯೇ ನನಗೆ ಪೂರ್ತಿ ಸುಸ್ತಾಗಿತ್ತು.