ಸಹಿಯ ಮೇಲಿನ ಖಾಲಿ ಜಾಗ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹೈದರಾಬಾದಿನ ನಗರಪಾಲಿಕೆಯ ಒಂದು ಸರ್ಕಲ್ ಆಫೀಸಿನಲ್ಲಿ ರೆಕಾರ್ಡ್ ಅಸಿಸ್ಟೆಂಟ್ ಆಗಿದ್ದೆ. ನಿಮ್ಮ ಅಜ್ಜ ಅಲ್ಲಿಯೇ ಮನೆ ತೆರಿಗೆಯ ಬಿಲ್ ಕಲೆಕ್ಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಕೆಲಸ ಸಿಕ್ಕಿತು. ಇನ್ನೂ ಕಾಯಂ ಆಗಿರಲಿಲ್ಲ. ಬೀದರ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು ನಾನು. ನಾಲ್ಕು ಜನರ ಮುಂದೆ ಮಾತು ಬರುತ್ತಿರಲಿಲ್ಲ. ಅಕ್ಷರಗಳು ಮಾತ್ರ ದುಂಡಗಿದ್ದವು. ತೆಲುಗು ಲಿಪಿ ನಮ್ಮದಕ್ಕೆ ಹತ್ತಿರ, ಬೇಗ ಕಲಿತೆ. ಚೆಂದದ ಕೈಬರಹ ಬೇಕಾದಾಗಲೆಲ್ಲ ಸಾಹೇಬರು ನನ್ನನ್ನೇ ಕರೆಯುತ್ತಿದ್ದರು.

ಮನೆ ತೆರಿಗೆಯನ್ನು ವರ್ಷದ ಆರಂಭದಲ್ಲಿ ಒಂದೇ ಗಂಟಾಗಿ ಕಟ್ಟಿದವರಿಗೆ ಸ್ವಲ್ಪ ಹಣ ಬಿಡುತ್ತಿದ್ದರು. ಅದಕ್ಕೆ ರಿಬೇಟ್ ಎನ್ನುತ್ತಾರೆ. ಆ ವರ್ಷ ನಮ್ಮ ಸರ್ಕಲ್‌ನಲ್ಲಿ ಒಂದು ಹೊಸ ಪದ್ಧತಿ ತಂದರು. ಒಂದು ಗಲ್ಲಿಯವರೆಲ್ಲ ಸೇರಿ ರಿಬೇಟನ್ನು ಬಿಟ್ಟುಕೊಟ್ಟರೆ, ಆಫೀಸು ತನ್ನ ಪಾಲನ್ನೂ ಸೇರಿಸಿ ಅದೇ ಗಲ್ಲಿಗೆ ಒಂದು ಕೆಲಸ ಮಾಡಿಕೊಡುತ್ತದೆ. ಯಾವ ಕೆಲಸವೆಂದು ಜನರೇ ತೀರ್ಮಾನಿಸಿ, ಸಹಿ ಹಾಕಿ ಬರೆದುಕೊಡಬೇಕು.

ನಮ್ಮ ಮನೆಯ ಹಿಂದಿನ ಗಲ್ಲಿಯ ಗಂಗವ್ವ ಇದನ್ನು ನನ್ನಿಂದಲೇ ಕೇಳಿ ತಿಳಿದುಕೊಂಡಳು. ಅವಳ ಮನೆ ಗಲ್ಲಿಯ ಕೆಳತುದಿಯಲ್ಲಿ, ಊರ ಕೊಳಚೆ ಹರಿಯುವ ನಾಲೆಯ ದಂಡೆಗೇ ಇತ್ತು. ಗಂಡನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ. ಮಳೆಗಾಲದಲ್ಲಿ ನಾಲೆಯ ನೀರು ಒಳಗೆ ಬಂದರೆ ಅವನ ಮಂಚದ ಕಾಲಿಗೆ ಇಟ್ಟಂಗಿ ಕೊಟ್ಟು ಎತ್ತರಿಸಬೇಕಿತ್ತು.

"ಅಕ್ಕಾರ, ನಾಲಾಕ್ಕ ಎದಿಮಟ ಒಂದು ಗ್ವಾಡಿ ಆದ್ರ ಸಾಕ್ರಿ. ಈ ಮಳಿಗಾಲದಾಗ ಅವರನ್ನ ಎತ್ತೂ ಶಕ್ತಿ ನನಗಿಲ್ರಿ" ಎಂದಳು.

ಮನೆ ಮನೆಗೆ ಹೋಗಿ ಅವಳೇ ಎಲ್ಲರನ್ನೂ ಒಪ್ಪಿಸಿದಳು. ಅವಳ ಎದುರುಮನೆಯ ಯೂಸುಫ್ ಚಾಚಾ ಕೂಡ ನಮ್ಮ ಬೀದರ ಕಡೆಯವರೇ, ಜೀಡಿಮೆಟ್ಲಾದ ಕಾರ್ಖಾನೆಯಲ್ಲಿ ಕೆಲಸ. ಅವರು ನಗೆಯಾಡಿದರು: "ಏನವಾ ಗಂಗವ್ವಾ, ಸರಕಾರ ಕೈತಪ್ಪಿ ಬಿಟ್ಟಿದ್ದನ್ನೂ ವಾಪಸ್ ಕೊಡು ಅಂತಿ. ನಿನಗ ಮಿನಿಸ್ಟರ್ ಮಾಡ್ಬೇಕು ನೋಡು!"

"ಮಾಡ್ರಿ ಚಾಚಾ, ಮೊದಲ ನಿಮ್ಮ ಮನಿ ಮುಂದಿನ ಗಟಾರಾನ ಉದ್ಘಾಟನಾ ಮಾಡ್ತೀನಿ."

ಸಹಿ ಸಂಗ್ರಹಿಸುವ ಕೆಲಸ ನನ್ನದಾಯಿತು. ನಮ್ಮ ಆಫೀಸಿನಲ್ಲಿ ಒಂದು ರೂಢಿ ಇತ್ತು. ಕೂಲಿ ಜನ ಮತ್ತೆ ಮತ್ತೆ ಸಿಗುವುದಿಲ್ಲವೆಂದು ಮೊದಲು ಖಾಲಿ ಹಾಳೆಯ ಕೆಳಗೆ ಸಹಿ ಪಡೆದು, ಮೇಲಿನ ಒಕ್ಕಣೆಯನ್ನು ಆಮೇಲೆ ಆಫೀಸಿನಲ್ಲಿ ಬರೆಯುತ್ತಿದ್ದೆವು. ನಾನೂ ಹಾಗೆಯೇ ಮಾಡಿದೆ. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಬರುವ ಮೊದಲು ಸ್ಟಾಪಿನಲ್ಲಿ ನಿಂತು, ಮೂರು ಹಾಳೆಗಳ ಮೇಲೆ ಸಹಿ, ಹೆಬ್ಬೆಟ್ಟು ತೆಗೆದುಕೊಂಡೆ. ಚಾಚಾ ಮಾತ್ರ ಪೆನ್ನು ಹಿಡಿದು ತಡೆದರು.

"ಮ್ಯಾಲ ಏನೂ ಇಲ್ಲಲ್ಲ, ಬೇಟಿ?"

"ಗ್ವಾಡಿ ಅಂತ ನಾನ ಬರೀತೀನ್ರಿ ಚಾಚಾ."

"ನೀ ಬರಿತಿ ಅಂದ್ರ ಮುಗೀತು" ಎಂದು ಸಹಿ ಹಾಕಿ ಬಸ್ಸು ಹತ್ತಿದರು.

ಮಧ್ಯಾಹ್ನ ಸಾಹೇಬರು ಕರೆದರು. ಹಾಳೆಗಳನ್ನು ನೋಡಿ ಸಂತೋಷಪಟ್ಟರು. "ರಾಯಮ್ಮಾ", ಅಂದರೆ ಬರೆಯಮ್ಮಾ, ಎಂದು ತೆಲುಗಿನಲ್ಲಿ ಹೇಳಿ ಬರೆಸತೊಡಗಿದರು. "ಮೇನ್ ರೋಡಿಗೆ ಒಂದು ಸ್ವಾಗತ ಕಮಾನು ಕಟ್ಟಿಸಬೇಕೆಂದು ಗಲ್ಲಿಯ ನಿವಾಸಿಗಳಾದ ನಾವು ಸರ್ವಾನುಮತದಿಂದ ತೀರ್ಮಾನಿಸಿದ್ದೇವೆ." ನನ್ನ ಕೈ ನಿಂತಿತು. "ಸಾರ್, ಅವರು ಕೇಳಿದ್ದು ಗೋಡೆ" ಎಂದೆ. ಅವರು ಸಿಟ್ಟಾಗಲಿಲ್ಲ. ಕಮಾನು ಬೇಕೆಂದು ಮೇಲಿನವರಿಂದ ಮಾತು ಬಂದಿದೆ ಎಂದರು. ಆಮೇಲೆ ಮೇಜಿನ ಮೇಲಿದ್ದ ಒಂದು ಫೈಲನ್ನು ಬೆರಳಿನಿಂದ ನನ್ನ ಕಡೆ ತಿರುಗಿಸಿದರು. ಅದು ನನ್ನನ್ನು ಕಾಯಂ ಮಾಡುವ ಫೈಲು. ಆಗ ನಿಮ್ಮ ಅಪ್ಪ ಏಳನೆಯ ಇಯತ್ತೆ, ಅತ್ತೆ ನಾಲ್ಕನೆಯದು.

ನಾನು ಬರೆದೆ. ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ.

ಮಳೆಗೆ ಮೊದಲೇ ಕಮಾನು ಎದ್ದಿತು. ಮಳೆ ಬಂತು, ನಾಲೆ ಒಳಗೆ ನುಗ್ಗಿತು. ಗಂಗವ್ವ ಒದ್ದೆ ಸೀರೆಯಲ್ಲೇ ಆಫೀಸಿಗೆ ಬಂದು, ಆ ಕಾಗದ ತೋರಿಸಿರಿ ಎಂದಳು. ರೆಕಾರ್ಡ್ ರೂಮು ನನ್ನ ಕೈಯಲ್ಲೇ ಇತ್ತು. ತೆಗೆದು ಕೊಟ್ಟೆ. ಅವಳಿಗೆ ಓದು ಬಾರದು.

"ಏನ್ ಬರದೈತ್ರಿ?"

ಓದಿ ಹೇಳಿದೆ.

"ಯಾರು ಬರದಾರ್ರಿ?"

"ನಾನ."

ಅವಳು ಸಾಲುಗಳ ಮೇಲೆ ಬೆರಳು ಆಡಿಸಿ, ತನ್ನ ಹೆಬ್ಬೆಟ್ಟಿನ ಹತ್ತಿರ ನಿಲ್ಲಿಸಿದಳು. "ಭಾಳ ಚಂದ ಬರದೀರಿ, ಅಕ್ಕಾರ" ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಶ್ರಾವಣದೊಳಗೆ ಗಂಡನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಊರಿಗೆ ಹೋದಳು, ತಿರುಗಿ ಬರಲಿಲ್ಲ. ಮರುವರ್ಷ ಗಲ್ಲಿಯವರು ತಮ್ಮ ರಿಬೇಟನ್ನು ತಾವೇ ತೆಗೆದುಕೊಂಡರು. ವಾರ್ಡಿನ ಸಭೆಗೆ ಖಾಲಿ ಕುರ್ಚಿಗಳು ಬಂದವು, ಜನ ಬರಲಿಲ್ಲ. ಯೂಸುಫ್ ಚಾಚಾ ಎದುರು ಸಿಕ್ಕಾಗ ಸಲಾಮ್ ಮಾಡುತ್ತಿದ್ದರು, ಬೇಟಿ ಎನ್ನುತ್ತಿರಲಿಲ್ಲ. ನನ್ನ ಕೆಲಸ ಕಾಯಂ ಆಯಿತು. ನಿಮ್ಮ ಅಪ್ಪ, ಅತ್ತೆ ಓದಿದ್ದು ಆ ಸಂಬಳದಲ್ಲೇ.

ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ನಾನು ಸಹಿ ಮಾಡುವ ಮೊದಲು ಮೇಲಿನ ಖಾಲಿ ಜಾಗಕ್ಕೆಲ್ಲ ಗೀಟು ಎಳೆಯುವುದನ್ನು ನೋಡಿ ನೀವು ನಗುತ್ತೀರಿ. ನೌಕರಿ ಕಲಿಸಿದ ಪಾಠ ಅದೊಂದೇ. ನೀವೂ ಎಳೆಯಿರಿ. ಆದರೆ ಅದನ್ನು ಬಹಳ ನಂಬಬೇಡಿ. ಅಂದು ಬಸ್‌ಸ್ಟಾಪಿನಲ್ಲಿ ಚಾಚಾ ಗೀಟು ಎಳೆಯಲು ಹೋಗಿದ್ದರೆ, ಬೇಡ ಚಾಚಾ, ನಾನಿದ್ದೇನಲ್ಲ ಎಂದು ಪೆನ್ನು ಹಿಡಿದು ನಿಲ್ಲಿಸುತ್ತಿದ್ದವಳು ನಾನೇ.