ಮಡಚಿದ ಹಾಳೆಗಳು

ನನ್ನ ಹೆಂಡತಿ ಮುಳಬಾಗಿಲು ಹತ್ತಿರದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್ ಆಗಿದ್ದಳು. ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತೆಲುಗು. ಪ್ರತಿ ಸೋಮವಾರ ಅವರು ಮನೆಯ ವಿಷಯ ಒಂದು ಪುಟ ಬರೆಯಬೇಕಿತ್ತು. ಕನ್ನಡ ಪದ ತೋಚದಿದ್ದರೆ ತೆಲುಗು ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಬಹುದಿತ್ತು. ಅವಳು ಅದನ್ನು ಹೊಡೆದುಹಾಕದೆ ಮೇಲೆ ಹಸಿರು ಶಾಯಿಯಲ್ಲಿ ಕನ್ನಡ ಪದ ಬರೆಯುತ್ತಿದ್ದಳು. ಮಕ್ಕಳನ್ನು ಕೆಡಿಸುತ್ತೀಯ ಎಂದು ನಾನು ಛೇಡಿಸಿದರೆ, "ಮದ್ವೆಗೆ ಮುಂಚೆ ನೀವು ನಂಗೆ ಬರ್ದ ಕಾಗದ ಏನು ಶುದ್ಧ ಕನ್ನಡದಲ್ಲಿತ್ತಾ? ಆದ್ರೂ ನಾನು ಒಪ್ಕೊಳ್ಲಿಲ್ವಾ?" ಅನ್ನುತ್ತಿದ್ದಳು.

ಅವಳು ತೀರಿಕೊಂಡು ಎರಡು ತಿಂಗಳಾದ ಮೇಲೆ, ಅವಳ ಜಾಗಕ್ಕೆ ಬಂದ ಮೇಷ್ಟ್ರು ಮನೆಗೆ ಬಂದರು. ಫೋನಿನಲ್ಲೇ ಮಕ್ಕಳ ಕನ್ನಡ ತಿದ್ದುವ ಚಾಟ್‌ಬಾಟ್ ಒಂದನ್ನು ಮಾಡಿಸುತ್ತಿದ್ದರಂತೆ. ಅವಳು ತಿದ್ದಿದ ನೋಟ್‌ಪುಸ್ತಕಗಳ ಫೋಟೊ ಕೊಟ್ಟರೆ ಅದು ಅವಳ ಹಾಗೆಯೇ ಹೇಳಿಕೊಡುತ್ತದಂತೆ.

"ಮೇಡಮ್ ಕ್ಲಾಸಲ್ಲೇ ಇದ್ದಂಗಿರುತ್ತೆ ಸಾರ್."

ಆ ಒಂದು ಮಾತಿಗೆ ಒಪ್ಪಿಬಿಟ್ಟೆ.

ತಿದ್ದಲು ಅವಳು ಮನೆಗೆ ತಂದು ಬೀರುವಿನಲ್ಲಿಟ್ಟಿದ್ದ ನೋಟ್‌ಪುಸ್ತಕಗಳಲ್ಲಿ ಕೆಲವು ಹಾಳೆಗಳು ಉದ್ದಕ್ಕೆ ಮಡಚಿದ್ದವು. ಫೋಟೊದಲ್ಲಿ ನೆರಳು ಬೀಳಬಾರದೆಂದು ಒಂದೊಂದನ್ನೂ ಬಿಡಿಸಿ, ಅಂಗೈಯಿಂದ ಸವರಿ, ಅವಳ ದಪ್ಪ ನಿಘಂಟಿನಡಿ ಎರಡು ದಿನ ಇಟ್ಟೆ. ಮಕ್ಕಳು ಬರೆದದ್ದನ್ನು ಓದಲಿಲ್ಲ. ಹಸಿರು ಅಕ್ಷರಗಳನ್ನಷ್ಟೇ ನೋಡುತ್ತಿದ್ದೆ.

ಫೋಟೊಗಳನ್ನು ಕಳಿಸಿ ಕೆಲವು ವಾರಗಳಾದ ಮೇಲೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು ಬಾಗಿಲಲ್ಲೇ ನಿಂತಳು.

"ನೋಟ್‌ಬುಕ್ ಫೋಟೊ ಬಂತು ಅಂತ ಮೇಷ್ಟ್ರು ಹೇಳಿದ್ರು. ನಂದೂ ಕೊಟ್ರಾ ಸಾರ್?"

"ಎಲ್ಲಾರ್ದೂ ಕೊಟ್ಟೆ ಕಣಮ್ಮ."

"ಮಡಚಿದ್ದೂನಾ?"

ಹೌದೆಂದೆ.

"ಮಡಚಿದ್ರೆ ಮಿಸ್ ಬಿಟ್ರೆ ಇನ್ಯಾರೂ ಓದ್ಬಾರ್ದು ಅಂತ ಸಾರ್. ಕ್ಲಾಸಲ್ಲಿ ಎಲ್ಲಾರ್ಗೂ ಗೊತ್ತು." ತಲೆ ತಗ್ಗಿಸಿದಳು. "ನಮ್ಮಮ್ಮ ಮನೆ ಬಿಟ್ಟು ಶ್ರೀನಿವಾಸಪುರಕ್ಕೆ ಹೋಗಿದ್ದು ಬರ್ದಿದ್ದೆ. ಆ ಫೋನಿಗೆ ಈಗ ಅದೂ ಗೊತ್ತಾ?"

ಕೂಡಲೇ ಮೇಷ್ಟ್ರಿಗೆ ಫೋನ್ ಮಾಡಿ ಆ ಪುಟಗಳನ್ನು ತೆಗೆಸಿ ಎಂದೆ. "ಕೋಲಾರದಲ್ಲಿ ಮಾಡ್ತಿರೋರಿಗೆ ಕಳ್ಸಿಬಿಟ್ಟಿದೀನಿ ಸಾರ್, ಕೇಳ್ತೀನಿ. ಒಳಗೆ ಹೋದ್ಮೇಲೆ ತೆಗೀಬೋದೋ ಇಲ್ವೋ ನಂಗೂ ಗೊತ್ತಿಲ್ಲ." ಅವರು ಕೆಟ್ಟವರಲ್ಲ. ಮಕ್ಕಳನ್ನು ಒಂದು ಮಾತು ಕೇಳಬೇಕೆಂದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಹುಡುಗಿಗೆ ಅದನ್ನೇ ಹೇಳಿ ಪುಸ್ತಕ ಕೊಟ್ಟೆ. ಅವಳು ಆ ಹಾಳೆ ಹುಡುಕಿದಳು. ಮಡಿಕೆಯ ಗೆರೆ ಇನ್ನೂ ಸ್ವಲ್ಪ ಉಳಿದಿತ್ತು. ಅದೇ ಗೆರೆಯ ಮೇಲೆ ಮತ್ತೆ ಮಡಚಿ, ಉಗುರಿನಿಂದ ಒತ್ತಿ, ಬ್ಯಾಗಿಗೆ ಹಾಕಿಕೊಂಡು ಹೋದಳು.

ಉಳಿದವನ್ನು ಈಗ ಒಂದೊಂದಾಗಿ ಮಕ್ಕಳ ಕೈಗೇ ಕೊಟ್ಟು ಬರುತ್ತಿದ್ದೇನೆ. ಬಿಡಿಸಿದ್ದು ನಾನೇ ಎಂದು ಹೇಳಿ ಕೊಡುತ್ತೇನೆ. ಬೀರುವಿನಲ್ಲಿ ಇನ್ನೂ ಏಳು ಪುಸ್ತಕಗಳಿವೆ. ಅವೂ ಹೋದರೆ ಅವಳ ಹಸಿರು ಅಕ್ಷರ ಈ ಮನೆಯಲ್ಲಿ ಇರುವುದಿಲ್ಲ.