ಅಳತೆ ಡಬ್ಬಿಗೆ ಉಣ್ಣೆಯ ಅಂಗಿ

ಈ ಚಳಿಗಾಲವನ್ನೂ ದ್ರೆನೊಪೋಲೆ ಊರಿನಲ್ಲೇ ಕಳೆದರೆ ಮುಂದಿನ ಚಳಿಗಾಲದ ಮಾತು ತಾನು ಆಡಲಾರೆ ಎಂದು ಡಾಕ್ಟರು ಸ್ಪಾಸೆಗೆ ಎಕ್ಸ್‌ರೇ ತೋರಿಸಿ ಹೇಳಿದ್ದರು. ಬೆಟ್ಟದ ಮೇಲೆ ನಿಮ್ಮ ಅಕ್ಕನ ಮನೆಯಿದೆಯಲ್ಲ, ಅಲ್ಲಿಗೆ ಹೋಗಿ ಎಂದರು. ಹೆಂಡತಿ ಬ್ಲಾಗುನ ಅಂದೇ ಸೂಟ್‌ಕೇಸ್ ತುಂಬಿದಳು. ಆದರೆ ಸ್ಪಾಸೆ ಆಯುಷ್ಯವಿಡೀ ರೈಲ್ವೆ ಸಿಗ್ನಲ್ ನೋಡಿಕೊಂಡು ನಿವೃತ್ತನಾದವನು. ಯಂತ್ರ ಹೇಳದ್ದನ್ನು ನಂಬುವ ಜಾತಿಯಲ್ಲ. ಮನೆಮನೆಯ ಒಲೆಯಲ್ಲಿ ಹಸಿ ಸೌದೆ, ಕಲ್ಲಿದ್ದಲು, ಒಮ್ಮೊಮ್ಮೆ ಹಳೆಯ ಬೂಟು ಕೂಡ ಉರಿದು, ಡಿಸೆಂಬರಿನಲ್ಲಿ ಎದುರು ಮನೆಯ ಚಿಮಣಿಯೇ ಕಾಣದಷ್ಟು ಹೊಗೆ ಕವಿಯುತ್ತಿತ್ತು. ಅವನು ಅದನ್ನು ಮಂಜು ಎನ್ನುತ್ತಿದ್ದ. ತನ್ನ ಕೆಮ್ಮಿಗೆ ಪ್ರೊಮಾಯ ಕಾರಣ ಎನ್ನುತ್ತಿದ್ದ.

ಎದುರುಬದುರು ಕಿಟಕಿ ತೆರೆದಾಗ ನಡುವೆ ನುಗ್ಗುವ ಗಾಳಿಯೇ ಈ ಪ್ರೊಮಾಯ. ಊರಿನವರ ಪ್ರಕಾರ ಹೊಗೆಯಿಂದ ಯಾರಿಗೂ ಏನೂ ಆಗಿಲ್ಲ. ಸೊಂಟನೋವು, ಕಿವಿನೋವು, ಸೊಟ್ಟಗಾದ ಬಾಯಿ, ಮುರಿದುಬಿದ್ದ ಮದುವೆ, ಎಲ್ಲವೂ ಪ್ರೊಮಾಯದ ಕೆಲಸ. ಈ ವಿಷಯದಲ್ಲಿ ಬ್ಲಾಗುನಳೂ ಯಾರಿಗೂ ಕಡಿಮೆಯಿರಲಿಲ್ಲ. ಬಸ್ಸಿನಲ್ಲಿ ಅಪರಿಚಿತರ ಕಿಟಕಿಯನ್ನೂ ಎದ್ದುಹೋಗಿ ಮುಚ್ಚಿ ಬರುತ್ತಿದ್ದಳು.

ಗಂಡನನ್ನು ಹೊರಡಿಸಲು ಅವಳು ಹೆಣಗಾಡುತ್ತಿದ್ದಾಗಲೇ ರಾಜಧಾನಿಯ ವಿಶ್ವವಿದ್ಯಾಲಯದಿಂದ ಎಫ್ತಿಮ್ ಎಂಬ ತರುಣ ಸಂಶೋಧಕ ಬಂದು, ಅವರ ಬಾಲ್ಕನಿಯ ಕಂಬಿಗೆ ಒಂದು ಬಿಳಿ ಡಬ್ಬಿ ಕಟ್ಟಿ ಹೋದ. ಗಾಳಿಯ ಕೊಳೆ ಅಳೆಯುವ ಡಬ್ಬಿಯಂತೆ. ಅದರ ಲೆಕ್ಕ ಎಲ್ಲರ ಫೋನಿನಲ್ಲೂ ಬಣ್ಣದ ಚುಕ್ಕೆಯಾಗಿ, ಪಕ್ಕದಲ್ಲೊಂದು ಅಂಕಿಯಾಗಿ ಕಾಣುತ್ತಿತ್ತು. ಡಬ್ಬಿ ಹಗಲೂ ರಾತ್ರಿ ಮೂಗು ಕಟ್ಟಿದ ಕೂಸಿನ ಹಾಗೆ ಗೊರಗೊರ ಎನ್ನುತ್ತಿತ್ತು. ಬ್ಲಾಗುನಳಿಗೆ ಅಯ್ಯೋ ಅನ್ನಿಸಿತು. ಜೋತುಬಿದ್ದಿರುವುದು ನಟ್ಟನಡು ಪ್ರೊಮಾಯದಲ್ಲಿ, ಮೈಮೇಲೆ ಒಂದು ಬಟ್ಟೆಯಿಲ್ಲ. ದಪ್ಪ ಉಣ್ಣೆಯಲ್ಲಿ ಅದರ ಅಳತೆಗೆ ಅಂಗಿ ಹೆಣೆದಳು. ಗಾಳಿ ಹೊಡೆಯುವ ಕೆಳಭಾಗಕ್ಕೆ ಎರಡು ಪದರ ಕೊಟ್ಟಳು. ತೊಡಿಸಿದ ಮೇಲೆ ಗೊರಗೊರ ನಿಂತಿತು. ಪಾಪ, ಬೆಚ್ಚಗಾಯಿತು ಎಂದುಕೊಂಡಳು.

ಮರುದಿನ ದ್ರೆನೊಪೋಲೆಯ ಚುಕ್ಕೆ ಹಸಿರಾಯಿತು. ಸುತ್ತಲಿನ ಊರುಗಳೆಲ್ಲ ಕೆಂಪು, ಕಂದು. ನಡುವೆ ಇದೊಂದು ಹಸಿರು. ಸ್ಪಾಸೆ ಫೋನನ್ನು ಡಾಕ್ಟರ ಎಕ್ಸ್‌ರೇಯಂತೆಯೇ ಬೆಳಕಿಗೆ ಹಿಡಿದು ನೋಡಿ, ಸೂಟ್‌ಕೇಸ್ ಬಿಚ್ಚಿ, ಅಂಗಿಗಳನ್ನು ಕಪಾಟಿಗೆ ಸೇರಿಸಿದ. ಬೆಟ್ಟದ ಗಾಳಿ ಮನೆಗೇ ಬಂದಿರುವಾಗ ಬೆಟ್ಟ ಹತ್ತಲು ತನಗೇನು ಹುಚ್ಚೇ ಎಂದು ಕೇಳಿ, ಅವಳು ಉತ್ತರ ಕೊಡುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ.

ಊರಿಗೆ ಶುಕ್ರದೆಸೆ ತಿರುಗಿತು. ಮೇಯರ್ ಚೌಕದಲ್ಲಿ ಶುದ್ಧ ಗಾಳಿಯ ಊರು ಎಂದು ಬ್ಯಾನರ್ ಕಟ್ಟಿಸಿದ. ರಾಜಧಾನಿಯಿಂದ ಉಬ್ಬಸದವರು ವಾರಾಂತ್ಯಕ್ಕೆ ಬಂದು, ಹೊಗೆಯಲ್ಲಿ ಒಬ್ಬರಿಗೊಬ್ಬರು ಕಾಣದೆ ಬೆಂಚುಗಳ ಮೇಲೆ ಕೂತು, ದೀರ್ಘವಾಗಿ ಉಸಿರೆಳೆದು, ಆಹಾ ಎಂದು ಕೆಮ್ಮಿಕೊಂಡು ಹಿಂತಿರುಗಿದರು.

ಎಫ್ತಿಮ್ ಮಾತ್ರ ತಲೆ ಕೆರೆದುಕೊಂಡ. ಕಾರಣ ಹುಡುಕಿಕೊಂಡು ಮತ್ತೆ ಮತ್ತೆ ಬಂದ. ಬಂದಾಗಲೆಲ್ಲ ಮೊದಲು ಡಬ್ಬಿ ನೋಡಬೇಕೆನ್ನುತ್ತಿದ್ದ. ಆದರೆ ಮನೆಗೆ ಬಂದವರನ್ನು ಖಾಲಿ ಹೊಟ್ಟೆಯಲ್ಲಿ ಬಾಲ್ಕನಿಗೆ ಬಿಡುವುದುಂಟೇ? ಎಲೆಕೋಸಿನ ಸರ್ಮ, ಈರುಳ್ಳಿಹೂವು ತುಂಬಿದ ಪದರು ರೊಟ್ಟಿ ಪಿತಾ, ಮೇಲೆ ಒಂದು ಲೋಟ ರಾಕಿಯ ಎಂಬ ಹಣ್ಣಿನ ಸಾರಾಯಿ. ಅಷ್ಟು ತಿಂದು ಬೆವೆತ ಮೇಲೆ ಪ್ರೊಮಾಯಕ್ಕೆ ಒಡ್ಡುವುದಂತೂ ಕೊಲೆಗೆ ಸಮ ಎಂದು ಬ್ಲಾಗುನ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಹೀಗೆ ವಿಜ್ಞಾನ ಪ್ರತಿಸಲ ಅಡುಗೆಮನೆಯಲ್ಲೇ ಮುಗಿಯುತ್ತಿತ್ತು. ಕೊನೆಗೆ ಅವನು ನದಿ ದಂಡೆಯ ಹಳೆಯ ಅಕ್ರೋಟು ಮರಗಳೇ ಕೊಳೆ ಹೀರುತ್ತಿವೆ ಎಂದು ಪ್ರಬಂಧ ಬರೆದ.

ಅದನ್ನು ತಿಳಿಸಲು ಬಂದ ದಿನ ಪಿತಾ ಜಗಿಯುತ್ತಲೇ ಡಬ್ಬಿಯ ಗುಟ್ಟು ಬಿಡಿಸಿ ಹೇಳಿದ.

"ಅದರೊಳಗೊಂದು ಪುಟಾಣಿ ಫ್ಯಾನ್ ಇದೆ ತೆತ್ಕಾ. ಗಾಳಿ ಎಳ್ಕೊಂಡು ಅದರಲ್ಲಿರೋ ಧೂಳು ಎಣಿಸುತ್ತೆ."

ತೆತ್ಕಾ, ಅಂದರೆ ಚಿಕ್ಕಮ್ಮ, ಬಡಿಸುತ್ತಿದ್ದ ಕೈ ನಿಲ್ಲಿಸಿದಳು. "ಎಲ್ಲಿಂದ ಎಳ್ಕೊಳ್ಳುತ್ತೆ ಮಗಾ?"

"ಕೆಳಗಡೆ ತೂತಿಂದ."

ಬ್ಲಾಗುನ ಎರಡು ಪದರ ಹಾಕಿದ್ದು ಅಲ್ಲಿಗೇ. ಗಂಡ ಕಪಾಟಿಗೆ ಸೇರಿಸಿದ ಅಂಗಿಗಳು, ಕರವಸ್ತ್ರದಲ್ಲಿ ತಾನು ಮೊನ್ನೆ ಕಂಡ ರಕ್ತದ ಕಲೆ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಅವನನ್ನು ಇಲ್ಲಿ ಕಟ್ಟಿಹಾಕಿದವಳು ತಾನೇ. ಹುಡುಗ ಹೋದದ್ದೇ ತಡ, ಬಾಲ್ಕನಿಗೆ ಓಡಿ ಡಬ್ಬಿಯ ಅಂಗಿ ಕಿತ್ತೆಸೆದಳು.

ಡಬ್ಬಿ ಗೊರಗೊರ ಎಂದಿತು. ಆರರಲ್ಲಿದ್ದ ಅಂಕಿ ಮುನ್ನೂರು ದಾಟಿ, ಚುಕ್ಕೆ ಕಪ್ಪಗಾಯಿತು.

ಎಫ್ತಿಮ್ ಬಸ್ಸಿನಿಂದಲೇ ಫೋನ್ ಮಾಡಿ, ಡಬ್ಬಿ ಕೆಟ್ಟಿದೆ, ಇವತ್ತಿನ ಲೆಕ್ಕವನ್ನು ತಾನು ಕೈಬಿಡುತ್ತೇನೆ ಎಂದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು, "ತೆತ್ಕಾ, ಪ್ರಬಂಧ ಅಚ್ಚಿಗೆ ಹೋಗಿಬಿಟ್ಟಿದೆ," ಎಂದ. ಸುದ್ದಿ ತಿಳಿದ ಮೇಯರ್ ಖುದ್ದಾಗಿ ಬಂದು, ನಾಡಿದ್ದು ಹೊರದೇಶದ ಅತಿಥಿಗಳು ಬರುತ್ತಾರೆ, ಅಷ್ಟರೊಳಗೆ ಡಬ್ಬಿಗೆ ಬಟ್ಟೆ ಹಾಕಿ ಮಾನ ಉಳಿಸಬೇಕೆಂದು ಕೈಮುಗಿದ.

ಅವಳಿಗೆ ಇವರಿಬ್ಬರ ಚಿಂತೆಯಿರಲಿಲ್ಲ. ಗಂಡನ ಮುಂದೆ ಫೋನು ಹಿಡಿದು, ಹಸಿರು ಚುಕ್ಕೆಯೆಲ್ಲ ತನ್ನ ಕಡ್ಡಿಯಲ್ಲಿ ಹೆಣೆದದ್ದು, ನಿಜವಾದ ಗಾಳಿ ಇದು ಎಂದು ಅಳುತ್ತಾ ಹೇಳಿದಳು. ಸ್ಪಾಸೆ ಅಂಕಿಯನ್ನು ಗಂಭೀರವಾಗಿ ನೋಡಿದ.

"ನಿನಗೆ ಬುದ್ಧಿ ಇದ್ಯಾ? ಜನವರೀಲಿ ಅಂಗಿ ಬಿಚ್ಚಿದ್ರೆ ಏನಾಗುತ್ತೆ? ಜ್ವರ ಬಂದಿದೆ ಅದಕ್ಕೆ. ಮುನ್ನೂರು ಅಂದ್ರೆ ಸುಡ್ತಾ ಇದೆ."

ಇವನಿಗೆ ಹೊಗೆ ತೋರಿಸಿ ಉಪಯೋಗವಿಲ್ಲ ಎಂಬುದು ಬ್ಲಾಗುನಳಿಗೆ ಆಗ ಹೊಳೆಯಿತು. ಕಣ್ಣೊರೆಸಿಕೊಂಡು ಹೇಳಿದಳು:

"ಹೌದು ಸ್ಪಾಸೆ, ಜ್ವರಾನೇ. ಇಡೀ ಮನೇಲಿ ಪ್ರೊಮಾಯ ಸೇರ್ಕೊಂಡಿದೆ. ಡಬ್ಬಿ ಆಯ್ತು, ಇನ್ನು ನಿನ್ನ ಸರದಿ."

ಅವನ ಮುಖ ಬಿಳಿಚಿತು. ಅರ್ಧ ಗಂಟೆಯಲ್ಲಿ ಸೂಟ್‌ಕೇಸ್ ತಾನೇ ತುಂಬಿದ. ಟೋಪಿಯ ಮೇಲೆ ಟೋಪಿ ಹಾಕಿ, ಕಿವಿಗೆ ಹತ್ತಿ ತುರುಕಿ, ಬೆಟ್ಟದ ಬಸ್ಸನ್ನು ಅವಳಿಗಿಂತ ಮೊದಲು ಹತ್ತಿ ಕೂತ.

ಬೆಟ್ಟದ ಮನೆಯಲ್ಲಿ ಕೆಮ್ಮು ವಾರದಿಂದ ವಾರಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಸ್ಪಾಸೆ ಹಾಸಿಗೆಯಲ್ಲಿ ಎದ್ದು ಕೂತು, ಎದೆಯ ತುಂಬ ಉಸಿರೆಳೆದು, ರಾತ್ರಿಯೆಲ್ಲ ಒಂದು ಸಲವೂ ಕೆಮ್ಮಲಿಲ್ಲವಲ್ಲ ಎಂದು ಬೆರಗಾದ.

"ನೋಡಿದ್ಯಾ? ಅಕ್ಕನ ಮನೆ ಕಿಟಕಿಗಳು ಎಷ್ಟು ಭದ್ರ."

"ಭದ್ರವೇ," ಎಂದಳು ಬ್ಲಾಗುನ. ಅವನು ನಿದ್ದೆ ಹೋದ ಮೇಲೆ ಪ್ರತಿ ರಾತ್ರಿ ಎದುರುಬದುರಿನ ಎರಡು ಕಿಟಕಿಗಳನ್ನೂ ತೆರೆದಿಟ್ಟು, ಅವನಿಗೇನಾದರೂ ಆಗಿಬಿಟ್ಟೀತೆಂಬ ಹೆದರಿಕೆಯಲ್ಲಿ ಬೆಳಗಾಗುವವರೆಗೂ ಅವನ ಪಕ್ಕದಲ್ಲಿ ಎಚ್ಚರವಾಗಿ ಕೂತಿರುತ್ತಿದ್ದವಳು ಅವಳೇ.